ತಿಮ್ಮತ್ತೆಯ ನಾಲ್ಕನೇ ಸಾಲು

ಜನವರಿ ೫, ಬೆಳಿಗ್ಗೆ

ಪಾಠ ಹೇಳಲು ಸ್ಕೂಲಿಗೆ ಹೋಗುವ ಬಸ್ಸಿನಲ್ಲಿ ಮತ್ತೆ ಅದೇ ಯೋಚನೆ. ಲ್ಯಾಪ್‌ಟಾಪಿಗೆ ಎಂಟು ಜಿಬಿ ಸಾಕೋ, ಹದಿನಾರು ಬೇಕೋ. ತಿಮ್ಮತ್ತೆಯ ಗಂಟಲ ಆಪರೇಷನ್ ಇಪ್ಪತ್ತೆರಡಕ್ಕೆ. ಆಮೇಲೆ ದನಿ ಇರುವುದಿಲ್ಲ ಅಂದಿದ್ದಾರೆ ಡಾಕ್ಟರ್. ನನ್ನನ್ನು ಸಾಕಿದ ಸೋದರತ್ತೆ. ನಮ್ಮೂರು ಜಾವಳಿಯ ಸುತ್ತ ಯಾವ ಮದುವೆಗೂ ಸೋಬಾನೆ ಅಂದರೆ ಅವಳೇ. ಅಕ್ಷರ ಬಾರದು, ಎಲ್ಲ ತಲೆಯಲ್ಲೇ. ರೆಕಾರ್ಡ್ ಮಾಡಬೇಕು. ಮಾಡಿದರೆ ಸರಿಯಾಗಿ ಮಾಡಬೇಕು.

ಜನವರಿ ೮

ಮೂಡಿಗೆರೆ. ಕಂಪ್ಯೂಟರ್ ರಿಪೇರಿಯ ಹಸೀಬ್ ಹತ್ತಿರ ಮೂರನೇ ಸಲ. ಫ್ಯಾನ್ ಸದ್ದು ಮಾಡದ ಲ್ಯಾಪ್‌ಟಾಪ್ ಬೇಕು ಅಂದೆ. ಸಾಫ್ಟ್‌ವೇರ್ ಯಾವುದು — ಅದೂ ತೀರ್ಮಾನವಾಗಿಲ್ಲ.

"ಅಕ್ಕಾ, ಮೊದ್ಲು ಫೋನಲ್ಲೇ ಹಿಡ್ಕಳಿ. ಕಂಪ್ಯೂಟರ್ ಆಮೇಲೆ ನೋಡಣ," ಅಂದ.

ಸಿಟ್ಟು ಬಂತು. ಫೋನಿನಲ್ಲಿ ಹಿಡಿಯಲಿಕ್ಕೆ ಇದೇನು ಬರ್ತ್‌ಡೇ ಹಾಡೇ?

ಜನವರಿ ೧೭

ಲ್ಯಾಪ್‌ಟಾಪ್ ಬಂತು, ಹದಿನಾರು ಜಿಬಿ. ಹೊಸ ಸಾಫ್ಟ್‌ವೇರ್ ಹಾಕಿದ್ದೇ ಮೈಕ್ ಸತ್ತಿತು. ಗಣೇಶನ ಮಾಡಲು ಹೋಗಿ ಅವರಪ್ಪನ ಮಾಡಿದ ಕಥೆ. ಅತ್ತೆ ಸೀರೆ ಬದಲಿಸಿಕೊಂಡು ಕೂತಿದ್ದಳು. ಕಾದು ಕಾದು ಮಲಗಿದಳು.

ಜನವರಿ ೨೦, ಮಧ್ಯಾಹ್ನ

ಪಕ್ಕದ ಎಸ್ಟೇಟಿನಲ್ಲಿ ಕಾಫಿ ಹಣ್ಣು ಸುಲಿಯುವ ಪಲ್ಪರ್ ಸದ್ದು ನಿಂತ ಹೊತ್ತು. ಮೈಕ್ ಅಂತೂ ಸರಿಹೋಗಿತ್ತು. ಅತ್ತೆಗೆ ಹೆಡ್‌ಫೋನ್ ಹಾಕಿ ಕೂರಿಸಿದೆ. ಒಂದು ಸಾಲು ಹೇಳಿದಳು. ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಮುಂದೆ ಹೇಳು ಅಂತ ಕೈ ಮಾಡಿದೆ. ಎರಡನೇ ದನಿ ಬೇರೆ ಟ್ರ್ಯಾಕ್, ಆಮೇಲೆ ಹಾಕ್ತೀನಿ ಅಂತ ವಿವರಿಸಿದೆ... ನನ್ನ ತಲೆ.

"ನೀ ಎತ್ಕಳ್ದೆ ನಂಗೆ ಮುಂದಿಂದು ಹೆಂಗೆ ಬರುತ್ತೆ ಮಾರಾಯ್ತಿ?"

ಹೌದಲ್ಲ. ಒಬ್ಬರು ಹೇಳಿದ್ದನ್ನು ಉಳಿದವರು ತಿರುಗಿ ಹೇಳುವಷ್ಟರಲ್ಲಿ ತಾನೇ ಮುಂದಿನ ಸಾಲು ನೆನಪಾಗುವುದು. ಒಂಟಿಯಾಗಿ ಎಂದೂ ಹಾಡಿದವಳಲ್ಲ. ಆದರೂ ನಾನು ಬಿಡಲಿಲ್ಲ — ದನಿ ಬೆರೆತರೆ ರೆಕಾರ್ಡಿಂಗ್ ಕೆಡುತ್ತದೆ ಅಂತ. ಮೂರು ಸಾಲಿಗೆ ಕೆಮ್ಮು ಹತ್ತಿತು. ನಾಳೆ ಅಂದಳು.

ಜನವರಿ ೨೧

ಬೆಡ್ ಖಾಲಿ ಇದೆ, ಈಗಲೇ ಬನ್ನಿ ಅಂತ ಆಸ್ಪತ್ರೆಯಿಂದ ಫೋನ್. ಹಾಡಿದರೆ ಹಿಡಿಯೋಣ ಅಂತ ದಾರಿಯುದ್ದಕ್ಕೂ ಫೋನ್ ನನ್ನ ಕೈಯಲ್ಲೇ ಇತ್ತು. ಅವಳಿಗೆ ಬರೀ ಕೆಮ್ಮು.

ಫೆಬ್ರವರಿ ೨೬, ಸಂಜೆ

ಅತ್ತೆ ಮನೆಗೆ ಬಂದು ಎರಡು ವಾರ. ಕುತ್ತಿಗೆಗೆ ಬಟ್ಟೆ. ಇವತ್ತು ತಾನೇ ಲ್ಯಾಪ್‌ಟಾಪ್ ಕಡೆ ಕೈ ತೋರಿಸಿದಳು. ಅವತ್ತಿನ ರೆಕಾರ್ಡಿಂಗ್ ಹಾಕಿದೆ. ಸಾಫ್ಟ್‌ವೇರ್ ಒಳ್ಳೆಯದೇ, ಉಸಿರು ಕೂಡ ಕೇಳಿಸುತ್ತದೆ. ಮೂರನೇ ಸಾಲು ಮುಗಿಯಿತು. ನನ್ನ ಮುಖ ನೋಡಿದಳು, ಅವತ್ತಿನ ಹಾಗೆಯೇ.

ಈ ಸಲ ಆ ಸಾಲು ಎತ್ತಿಕೊಂಡೆ. ಅಳುತ್ತಲೇ ಹೇಳಿದೆ. ಅವಳಿಗೆ ಮುಂದಿನದು ನೆನಪಾಯಿತು. ಮುಖದಲ್ಲೇ ಗೊತ್ತಾಯಿತು. ತುಟಿ ಅಲ್ಲಾಡಿತು.

ಆ ನಾಲ್ಕನೇ ಸಾಲನ್ನು ಮತ್ತೆ ಮತ್ತೆ ಹೇಳಿಸಿ, ತುಟಿ ನೋಡಿ ಇಲ್ಲೇ ಬರೆದುಕೊಳ್ಳುತ್ತಿದ್ದೇನೆ. ಮೊದಲು ತುಟಿ ಮುಚ್ಚುತ್ತಾಳೆ. 'ಮ' ಇರಬೇಕು. ಮಲ್ಲಿಗೆ? ಅತ್ತೆ ತಲೆ ಅಲ್ಲಾಡಿಸುತ್ತಿದ್ದಾಳೆ. ಹಾಗಾದರೆ 'ಬ'...