ಹೆಸರು ತೆಗೆದ ಪಟ್ಟಿ

ಮಾರ್ಚ್ ೧೨, ಬುಧವಾರ

ಪ್ರೀತಿಯ ಅಕ್ಕನಿಗೆ ತಂಗಿಯ ನಮಸ್ಕಾರ.

ಎರಡು ತಿಂಗಳಿಂದ ನಿನ್ನ ಪತ್ರಕ್ಕೆ ಉತ್ತರಿಸಿಲ್ಲ, ಫೋನೂ ಎತ್ತಿಲ್ಲ. ಎಷ್ಟು ಬೇಕಾದರೂ ಬೈದುಕೋ. ಭಾವನ ಕೆಮ್ಮು ಹೇಗಿದೆ? ಕೆಲಸದಿಂದ ತೆಗೆದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾರೆ ಎಂದು ಬರೆದಿದ್ದೆಯಲ್ಲ, ಆ ಪತ್ರವನ್ನು ದಿನವೂ ತೆಗೆದು ಓದುತ್ತೇನೆ.

ಬಣ್ಣದ ಕಾರ್ಖಾನೆಯ ಪುಡಿಯಿಂದ ಎಷ್ಟು ಜನರ ಶ್ವಾಸಕೋಶ ಕೆಟ್ಟಿದೆ ಎಂದು ಮೂರು ವರ್ಷ ನಿಮ್ಮೂರಲ್ಲಿ ಮನೆಮನೆ ತಿರುಗಿ ಬರೆದುಕೊಂಡೆನಲ್ಲ, ಆ ಮಾಹಿತಿ ಯಾರ ಕೈಗೆ ಹೋಗಬೇಕು ಎಂದು ನಿನ್ನೆ ಸಭೆ. ಅಧಿಕಾರಿಗಳು, ಕಾರ್ಖಾನೆಯ ಮ್ಯಾನೇಜರು, ಈ ಸಮೀಕ್ಷೆ ನಡೆಸುವ ನಮ್ಮ ದೊಡ್ಡ ಡಾಕ್ಟರು ಮೇಜಿನ ಸುತ್ತ. ಕಾಯಿಲೆಯವರಿಗೆ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ, ಕೊನೆಗೆ ಐದು ನಿಮಿಷ.

"ಹೆಸರೆಲ್ಲ ತೆಗೆದಿದ್ದೀವಿ, ಭಯ ಬೇಡ" ಅಂದರು ಡಾಕ್ಟರು.

ಒಬ್ಬ ಮುದುಕಿ ಎದ್ದಳು. "ಹೆಸರು ತೆಗೆದ್ರಿ ಸ್ವಾಮಿ. ಓಣಿ, ವಯಸ್ಸು, ಮಾಡೋ ಕೆಲಸ ಹಾಗೇ ಬಿಟ್ರಿ. ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಜಗತ್ತಿಗೆ ಕಾಣಲ್ವಾ? ಆ ಪಟ್ಟಿ ನೋಡೇ ಹನ್ನೊಂದು ಜನರನ್ನ ಮನೆಗೆ ಕಳಿಸಿದ್ರು. ನಮ್ಮದು ನಮಗೆ ವಾಪಸ್ ಕೊಡಿ."

ಎರಡು ತಿಂಗಳ ಹಿಂದೆಯೇ ನಮ್ಮ ಕಚೇರಿಯಿಂದ ಕಾರ್ಖಾನೆಗೆ ಒಂದು ಪ್ರತಿ ಹೋಗಿತ್ತು ಅಕ್ಕ. ಈಗ ಎಲ್ಲರೂ ಒಪ್ಪಿಗೆ ಹಿಂದಕ್ಕೆ ಕೇಳುತ್ತಿದ್ದಾರೆ. ಹಿಂದಕ್ಕೆ ಕೊಟ್ಟರೆ ಪುರಾವೆಯೇ ಉಳಿಯದೆ, ಧೂಳು ಹೀರುವ ಯಂತ್ರ ಹಾಕಲೇಬೇಕೆಂಬ ನಿಯಮ ಬರುವುದಿಲ್ಲ. ಕೊಡದಿದ್ದರೆ ಇನ್ನಷ್ಟು ಜನರ ಕೆಲಸ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಏನು ಕೊಡಬೇಕು, ಏನು ಮುಚ್ಚಿಡಬೇಕು ಎಂದು ಕಾಯಿಲೆಯವರೇ ಹೇಳಲಿ, ಅವರನ್ನೂ ಮೇಜಿನ ಸುತ್ತ ಕೂರಿಸಿ ಎಂದು ಡಾಕ್ಟರನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ ಇತ್ತು.

"ಅವರಿಗೆ ಇದೆಲ್ಲ ಅರ್ಥ ಆಗಲ್ಲಮ್ಮ" ಅಂದರು. ಆಮೇಲೆ, "ಸರಿ, ಮುಂದಿನ ಶುಕ್ರವಾರ ಒಬ್ಬರನ್ನ ಕರ್ಕೊಂಡು ಬಾ."

ಕೆಲಸದಲ್ಲಿರುವವರು ಹೆದರುತ್ತಾರೆ, ಕೆಲಸ ಹೋದವರು ನನ್ನ ಮುಖಕ್ಕೆ ಬಾಗಿಲು ಹಾಕುತ್ತಾರೆ. ಭಾವನನ್ನು ಕಳಿಸಿಕೊಡು. ಅವರು ಬಾರದಿದ್ದರೆ ಮೇಜಿನ ಬಳಿಯ ಆ ಒಂದು ಕುರ್ಚಿ ಖಾಲಿಯೇ.

ಮಗಳಿಗೆ ನನ್ನ ಮುತ್ತು. ನಿಮ್ಮ ಮನೆ ತಣ್ಣಗಿರಲಿ.

ನಿನ್ನ,
ಗುಬ್ಬಿ

ಮರೆತುಬಿಟ್ಟದ್ದು (ಮ.ಬಿ.): ಇದು ಮರೆತದ್ದಲ್ಲ, ಬರೆಯಲಾಗದೆ ಉಳಿದದ್ದು. ಭಾವನ ಕಾಯಿಲೆಯ ಬಗ್ಗೆ ಕಾರ್ಖಾನೆಗೆ ಚಾಡಿ ಹೇಳಿದವಳು ಎದುರುಮನೆಯವಳೆಂದು ನೀನು ಅವಳ ಜೊತೆ ಮಾತು ಬಿಟ್ಟಿದ್ದೀಯಂತೆ. ಅವಳಲ್ಲ. ನಾನು ಬರೆದುಕೊಳ್ಳಲು ನಿಮ್ಮ ಮನೆಗೆ ಬಂದ ದಿನವೇ ಭಾವ "ನಂದು ಬರೀಬೇಡಮ್ಮ, ಕೆಲಸ ಹೋಗುತ್ತೆ" ಅಂದಿದ್ದರು. ನೀನು ಒಳಗಿದ್ದೆ. ಒಪ್ಪಿಗೆ ಪತ್ರದಲ್ಲಿ ಅವರ ಸಹಿ ನಾನೇ ಹಾಕಿದೆ. ಕೆಂಪು ಪುಡಿ ಬೆರೆಸುವವರು ನಿಮ್ಮ ಓಣಿಯಲ್ಲಿ ಅವರೊಬ್ಬರೇ ಎಂಬುದೂ ನನಗೆ ಗೊತ್ತಿತ್ತು. ಇದನ್ನು ಅವರಿಗೆ ಓದಿ ಹೇಳು. ಆಮೇಲೂ ಬರುತ್ತಾರಾ ಎಂದು ಕೇಳು.