ಹಿಟ್ಲರ್ ಅಪ್ಪ

ಅಲ್ ವಕ್ರಾ
ಭಾನುವಾರ, 17 ನವೆಂಬರ್ 2024

ಪ್ರೀತಿಯ ಯತಿರಾಜ್ ಅವರಿಗೆ,

ಅತ್ತೆಯವರ ಕಣ್ಣಿನ ಕಟ್ಟು ಬಿಚ್ಚಿದರೆಂದು ಕೇಳಿ ಸಮಾಧಾನವಾಯಿತು. ದಿನಾ ಫೋನಿನಲ್ಲಿ ಮಾತಾಡುವವಳು ಇಷ್ಟುದ್ದ ಮೇಲ್ ಬರೆದಿದ್ದಾಳಲ್ಲ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಾದರೆ ನಕ್ಕು ಮಾತು ಹಾರಿಸಿಬಿಡುತ್ತೀರಿ.

ಶುಕ್ರವಾರ ಸಂಜನಾಳ ಕ್ಲಾಸಿನ ಮಿರಿಯಂ ಊಟಕ್ಕೆ ಬಂದಿದ್ದಳು. ಬಿಸಿಬೇಳೆಬಾತಿನ ಮೇಲೆ ಖಾರಾಬೂಂದಿ ಉದುರಿಸಿಕೊಂಡು ಇಬ್ಬರೂ ಹರಟುತ್ತಿದ್ದಾಗ ನೀವು ಮೈಸೂರಿನಿಂದ ಫೋನ್ ಮಾಡಿದಿರಿ. ನಿಮ್ಮ ಮಗಳ ಮೊಬೈಲಿನಲ್ಲಿ ನಿಮ್ಮ ಹೆಸರು ‘ಹಿಟ್ಲರ್ ಅಪ್ಪ’ ಎಂದಿರುವುದು ನಿಮಗೆ ಗೊತ್ತೇ ಇದೆ. ಜೊತೆಗೆ ನಿಮ್ಮ ಹುಟ್ಟುಹಬ್ಬದ ದಿನ ಅವಳು ಕಾಡಿಗೆಯಲ್ಲಿ ನಿಮಗೆ ತುಂಡು ಮೀಸೆ ಬರೆದ ಫೋಟೊ. ಮಿರಿಯಂ ಅದನ್ನು ನೋಡಿದಳು. ಅರ್ಧ ಊಟ ಬಿಟ್ಟು ಎದ್ದು, ಮನೆಗೆ ಹೋಗಬೇಕು ಎಂದಳು.

ಅವರು ಯಹೂದಿಗಳಂತೆ. ಈ ಅರಬ್ ದೇಶದಲ್ಲಿ ಅದನ್ನು ಯಾರಿಗೂ ಹೇಳಿಕೊಂಡಿಲ್ಲ. ಸಂಜೆ ಅವಳ ತಾಯಿ ಫೋನ್ ಮಾಡಿದಾಗಲೇ ನನಗೂ ತಿಳಿದದ್ದು. ನೀವೂ ಯಾರ ಮುಂದೆಯೂ ಎತ್ತಬೇಡಿ. ಮಿರಿಯಂಳ ಮುತ್ತಜ್ಜಿಯ ಒಡಹುಟ್ಟಿದವರಲ್ಲಿ ಒಬ್ಬರೂ ಉಳಿಯಲಿಲ್ಲವಂತೆ. ಆ ತಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ನಮ್ಮ ಕಡೆ ಕಟ್ಟುನಿಟ್ಟಿನ ಹೆಡ್‌ಮಾಸ್ಟರಿಗೆಲ್ಲ ಅದೇ ಹೆಸರಲ್ಲವೇ? ಮುಶೈರಿಬ್‌ನ ನಿಮ್ಮ ಆಫೀಸಿನಲ್ಲಿ ಎಲ್ಲರೂ ಬೆನ್ನ ಹಿಂದೆ ಹಾಗೆ ಕರೆಯುತ್ತಾರೆಂದು ನೀವೇ ಎದೆಯುಬ್ಬಿಸಿ ಹೇಳಿದ್ದಿರಿ.

ಸಂಜನಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಟ್ಲರ್ ಯಹೂದಿಗಳಿಗೆ ಮಾಡಿದ್ದನ್ನು ಹೇಳತೊಡಗಿದೆ. ಮಕ್ಕಳನ್ನೂ ಬಿಡಲಿಲ್ಲ ಎಂದೆ. ಅವಳು ಪಾಠದಲ್ಲಿ ಅರ್ಧ ಪುಟ ಓದಿದ್ದಾಳೆ, ಅಷ್ಟೇ. ಆಮೇಲೆ ಮೆಲ್ಲಗೆ, ಗಾಜಾ ನ್ಯೂಸ್ ಬಂದಾಗೆಲ್ಲ ಸ್ಕೂಲ್ ಬಸ್ಸಲ್ಲಿ ಯಹೂದಿಗಳೆಲ್ಲ ಹಿಂಗೇ, ಹಿಟ್ಲರ್ ಮಾಡಿದ್ದೇ ಕರೆಕ್ಟು ಅಂತಿರ್ತಾರಮ್ಮ, ನಾನೂ ಸುಮ್ನೆ ನಗ್ತಿದ್ದೆ, ಮಿರಿಯಂ ನನ್ನ ಪಕ್ಕದಲ್ಲೇ ಕೂತಿರ್ತಿದ್ಲು ಎಂದಳು.

ಗಾಜಾದ ಮಕ್ಕಳಿಗಾಗಿ ಅಳು, ಕೋಪ ಬಂದರೆ ಕೋಪ ಮಾಡಿಕೋ, ಅದು ತಪ್ಪಲ್ಲ ಎಂದೆ. ಆದರೆ ಒಂದು ಸರ್ಕಾರದ ಮೇಲಿನ ಸಿಟ್ಟನ್ನು ಬಸ್ಸಿನಲ್ಲಿ ಕೂತ ಹುಡುಗಿಯ ತಲೆಗೆ ಕಟ್ಟುವುದು ಯಾವ ನ್ಯಾಯ ಎಂದು ಕೇಳಿದೆ. ಇನ್ನೂ ಚೆನ್ನಾಗಿ ಹೇಳಬಹುದಿತ್ತೇನೋ, ನನಗೆ ಬಂದಂತೆ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವಳು, ಇದನ್ನೆಲ್ಲ ಅಪ್ಪಂಗೆ ಯಾರು ಹೇಳ್ತಾರೆ ಎಂದಳು.

ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಇಲ್ಲಿ ವಾರದ ಮೊದಲ ಸ್ಕೂಲ್ ದಿನವಲ್ಲವೇ, ಬಸ್ಸಿನಲ್ಲಿ ಮಿರಿಯಂ ಬೇರೆ ಸೀಟಿನಲ್ಲಿ ಕೂತಳಂತೆ. ನಮ್ಮ ಹುಡುಗಿಗೆ ಈ ಊರಿನಲ್ಲಿ ಇದ್ದದ್ದು ಅದೊಂದೇ ಸ್ನೇಹ, ಅದು ಕೈತಪ್ಪುತ್ತದೆಂದು ನನಗೆ ಭಯವಾಗಿದೆ. ಆ ಹೆಸರು ಬೇಡವೆಂದು ನಾನು ಹೇಳಿದರೆ ಅಮ್ಮನ ಉಪದೇಶವಾಗುತ್ತದೆ. ನೀವೇ ಅವಳಿಗೆ ಹೇಳಿ. ದಯವಿಟ್ಟು ನಗದೆ ಹೇಳಿ.

ನಿಮ್ಮ ಉತ್ತರಕ್ಕೆ ಕಾದಿರುವ,
ಜಾಹ್ನವಿ

ತಾ.ಕ.: ಶುಕ್ರವಾರ ಹೊರಡುವಾಗ ಮಿರಿಯಂ ಸಂಜನಾಳನ್ನು, ನಿಮ್ಮಪ್ಪನಿಗೆ ಆ ಹೆಸರು ಇಷ್ಟವಾ ಎಂದು ಕೇಳಿದಳಂತೆ. ಇಲ್ಲ, ಅಪ್ಪನಿಗೆ ಅದು ಕಿವಿಗೆ ಬಿದ್ದರೂ ಆಗುವುದಿಲ್ಲ ಎಂದಳಂತೆ ನಿಮ್ಮ ಮಗಳು. ಇದನ್ನು ಹೇಳಿದ್ದು ಮಿರಿಯಂಳ ತಾಯಿ. ಅದು ಸುಳ್ಳೆಂದು ನಾನು ಆಕೆಗೆ ಹೇಳಲಿಲ್ಲ. ಅದನ್ನು ನಿಜ ಮಾಡಬಲ್ಲವರು ನೀವೊಬ್ಬರೇ.