ಸ್ಟೋರ್ಸ್ ಅಸಿಸ್ಟೆಂಟ್ ಯಾರು?

ಸೆಪ್ಟೆಂಬರ್ 17, 2007, ಸೋಮವಾರ

ಫಸ್ಟ್ ಶಿಫ್ಟ್. ಬಿಡದಿಯಲ್ಲಿ ಬಸ್ ಇಳಿದು ನಿಂತುಕೊಂಡೇ ಎರಡು ತಟ್ಟೆ ಇಡ್ಲಿ. ಕಾರ್ಖಾನೆಯ ಸ್ಟೋರ್ಸಿನಲ್ಲಿ ಬೋಲ್ಟಿನ ಡಬ್ಬಗಳನ್ನು ಜೋಡಿಸುವಷ್ಟರಲ್ಲಿ ಎಚ್.ಆರ್.ನ ಶುಕೂರ್ ಬಂದ. ಮಾಗಡಿ ಕಡೆಯವನು, ಸೇರಿ ಎರಡು ತಿಂಗಳು. ಕೈಯಲ್ಲಿ ಕ್ಯಾಮೆರಾ.

“ಸಿದ್ದರಾಮು ಅವ್ರೇ, ಒಸಿ ನಗ್ರೀ.”

ಹೊಸ ಸಾಫ್ಟ್‌ವೇರ್ ಅಂತೆ. ಕೆಲಸದ ಹೆಸರು ಹೊಡೆದರೆ ಸಾಕು — ಯಾರು ಮಾಡುತ್ತಾರೆ, ಯಾವ ಶಿಫ್ಟ್, ಮನೆ ಫೋನು, ಎಲ್ಲ ಫೋಟೋ ಸಮೇತ ಬರುತ್ತದೆ. ಮಷೀನ್ ಕೆಟ್ಟರೆ ಯಾರನ್ನು ಕರೆಯಬೇಕು ಅಂತ ಪರದಾಡುವುದು ಬೇಡ. ಎಲ್ಲರಿಗೂ ಖುಷಿ. ನಾನೂ ನಕ್ಕೆ.

ಸೆಪ್ಟೆಂಬರ್ 18

ಇಲ್ಲಿ ಬಿಟ್ಟರೆ ಬೇರೆಲ್ಲಿ ಬರೆಯಲಿ? ನಾನು ಸಿದ್ದರಾಮು ಅಲ್ಲ. ಬೀರಲಿಂಗಯ್ಯ. ಸಿದ್ದರಾಮು ನನ್ನ ತಮ್ಮ.

ನಾವು ಕುರಿ ಮೇಯಿಸುತ್ತಿದ್ದ ಹೊಲ ಕಾರ್ಖಾನೆಗೆ ಹೋದಾಗ ಮನೆಗೊಂದು ಕೆಲಸ ಅಂದರು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಪಾಸಾಗಿದ್ದವನು ಅವನು. ಆರ್ಡರ್ ಬರುವುದಕ್ಕೆ ಹದಿನೈದು ದಿನ ಮುಂಚೆ ಕಾಮಾಲೆಯಲ್ಲಿ ಹೋಗಿಬಿಟ್ಟ. ನಾನು ಮೂರು ಸಲ ಕೂತು ಮೂರು ಸಲವೂ ಡುಮ್ಕಿ. ಅಪ್ಪ ಅವನ ಮಾರ್ಕ್ಸ್ ಕಾರ್ಡ್ ತಂದು ನನ್ನ ಕೈಗಿಟ್ಟ. “ಹೊಲಾನೂ ಹೋಯ್ತು, ಮಗನೂ ಹೋದ. ಕೆಲ್ಸಾನಾದ್ರೂ ಉಳಿಸ್ಕೊ ಕಣ್ಲಾ.”

ಎಂಟು ವರ್ಷ ಉಳಿಸಿಕೊಂಡೆ. ಈಗ ಅಪ್ಪನೂ ಇಲ್ಲ. ನನ್ನ ಮದುವೆಗೆ ಕಾರ್ಖಾನೆಯ ಒಂದು ನರಪಿಳ್ಳೆಯನ್ನೂ ಕರೆಯಲಿಲ್ಲ — ಲಗ್ನಪತ್ರಿಕೆಯಲ್ಲಿ ನಿಜವಾದ ಹೆಸರಿತ್ತಲ್ಲ. ಇಎಸ್‌ಐ ಆಸ್ಪತ್ರೆ ಕಾರ್ಡಿನಲ್ಲಿ ನನ್ನ ಹೆಂಡತಿ ನಯನ ಇವತ್ತಿಗೂ ಸತ್ತವನ ಹೆಂಡತಿ. ಆ ಕಾರ್ಡನ್ನು ಅವಳು ದೇವರ ಗೂಡಿನ ಹತ್ತಿರ ಇಡುವುದಿಲ್ಲ.

ಸಿಕ್ಕಿಬಿದ್ದರೆ ಕೆಲಸ ಒಂದೇ ಅಲ್ಲ. ಜೈಲು.

ಸೆಪ್ಟೆಂಬರ್ 24

ಕಂಪ್ಯೂಟರಿನ ಮುಂದೆ ಕೂರಿಸಿದರು. ಮನೆ ಫೋನಿನ ಜಾಗ ಖಾಲಿ ಬಿಟ್ಟೆ. ಕೆಂಪಗೆ ಮಿನುಗಿತು, ಸೇವ್ ಆಗಲಿಲ್ಲ. ಯಾವುದೋ ಸುಳ್ಳು ನಂಬರ್ ಹೊಡೆಯಬಹುದಿತ್ತು. ಕ್ರೇಟು ಮೈಮೇಲೆ ಬಿದ್ದರೆ ಮನೆಗೆ ಯಾರು ತಿಳಿಸುತ್ತಾರೆ ಅನ್ನಿಸಿತು... ನಿಜದ್ದೇ ಕೊಟ್ಟೆ. ಕತ್ತೆ ನಾನು.

ಸೇವ್ ಆದ ಮೇಲೆ ಶುಕೂರ್ ಹೇಳುತ್ತಾನೆ: “ಒಂದೊಂದ್ ನಂಬರ್ಗೂ ನಾನೇ ಫೋನ್ ಮಾಡಿ ಕನ್‌ಫರ್ಮ್ ಮಾಡ್ಕೊತೀನಿ.”

ಸೆಪ್ಟೆಂಬರ್ 25

ಅವ್ವನಿಗೆ ಪಾಠ. ನಾನು ಹಿತ್ತಲಲ್ಲಿ ನಿಂತು ಫೋನ್ ಮಾಡುವವನ ಹಾಗೆ ಕೂಗಿದೆ: “ಸಿದ್ದರಾಮು ಇದಾರಾ?”

“ಕೆಲ್ಸುಕ್ಕೆ ಹೋಗವ್ನೆ ಕಣಪ್ಪ.”

ಹತ್ತು ಸಲ ಕೇಳಿದೆ. ಹತ್ತು ಸಲವೂ ಸರಿಯಾಗಿ ಹೇಳಿದಳು. ಆಮೇಲೆ ಎದ್ದುಹೋಗಿ ಕುರಿಗೆ ಸೊಪ್ಪು ಹಾಕುತ್ತಾ ಅಳುತ್ತಿದ್ದಳು. ಎಷ್ಟು ಪಾಪಿ ನಾನು.

ಅಕ್ಟೋಬರ್ 9

ಎರಡು ವಾರ. ಫೋನ್ ಬಂದಿಲ್ಲ. ಮರೆತಿರಬೇಕು. ಮರೆತಿರಲಿ.

ನಾಡಿದ್ದು ಮಾಲಯ ಅಮಾವಾಸ್ಯೆ, ಹಿರಿಯರಿಗೆ ಎಡೆ. ರಜ ಕೇಳಿದೆ. ಅವತ್ತೇ ಸಾಫ್ಟ್‌ವೇರ್ ಶುರುವಂತೆ, ಯಾರಿಗೂ ಇಲ್ಲ.

“ಯಾರಿಗೆ ಎಡೆ ಇಕ್ತೀರಾ?” ಶುಕೂರ್ ಸುಮ್ಮನೆ ಕೇಳಿದ.

“ಅಪ್ಪನಿಗೆ.”

ತಮ್ಮನಿಗೂ ಅಂತ ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ.

ಅಕ್ಟೋಬರ್ 11, ಮಧ್ಯಾಹ್ನ 3.30

ಮನೆಗೆ ಬಂದೆ. ನಯನ ಬಾಗಿಲಲ್ಲೇ ನಿಂತಿದ್ದಳು. ಮುಖ ನೋಡಿಯೇ ಗೊತ್ತಾಯಿತು.

ಅವ್ವ ಒಂದು ಗಂಟೆಗೆ ಎಡೆ ಇಟ್ಟಿದ್ದಾಳೆ. ಒಂದು ಎಲೆ ಅಪ್ಪನಿಗೆ, ಒಂದು ಸಿದ್ದರಾಮುವಿಗೆ. ಅವನಿಗಿಷ್ಟ ಅಂತ ಕಜ್ಜಾಯ, ಅವನ ಹಳೇ ಚೌಕಳಿ ಶರ್ಟು. ಧೂಪ ಹಾಕಿ, ಹೆಸರು ಹಿಡಿದು ಕರೆದು, ಉಂಡುಹೋಗಲಿ ಅಂತ ಬಾಗಿಲು ಮುಂದೆ ಮಾಡಿ ಎಲೆಗಳ ಪಕ್ಕದಲ್ಲೇ ಕೂತಿದ್ದಾಳೆ. ಆಗ ಫೋನು. ನಯನ ಹಿತ್ತಲಿನಿಂದ ಓಡಿಬರುವಷ್ಟರಲ್ಲಿ ಅವ್ವ ಎತ್ತಿಬಿಟ್ಟಿದ್ದಳು.

“ಸಿದ್ದರಾಮುನಾ? ಅವ್ನಿಗೇ ಎಡೆ ಇಕ್ಕಿದ್ದೀನಿ ಕಣಪ್ಪ. ಹೋಗಿ ಎಂಟ್ ವರ್ಸ ಆಯ್ತಲ್ಲ.”

ಅವ್ವನ ಮೇಲೆ ಕೂಗಾಡಿದೆ. ಜೀವನದಲ್ಲಿ ಮೊದಲ ಸಲ. “ಏನವ್ವಾ ಹಿಂಗ್ ಮಾಡ್ಬುಟ್ಟೆ! ಅಷ್ಟ್ ಹೇಳ್ಕೊಟ್ಟಿದ್ನಲ್ಲ!”

ಅವಳು ಕದಲಲಿಲ್ಲ. “ಎಡೆ ಮುಂದೆ ಕುಂತ್ಕಂಡು ಅವ್ನು ಕೆಲ್ಸುಕ್ಕೋಗವ್ನೆ ಅಂತ ಹೆಂಗ್ಲಾ ಅನ್ನದು? ಉಣ್ಣಾಕ್ ಬಂದಿರೋ ಮಗ... ನಂಗಲ್ಲ ಕರೆದಿದ್ದು ಅಂತ ಎದ್ದೋಗ್ಬುಡ್ತಾನೆ.”

ಕೈಕಾಲು ತೊಳೆದು ಅವನ ಎಲೆಗೆ ಅಡ್ಡಬಿದ್ದೆ. ನಯನ ಕೈ ಹಿಡಿದು ಎಬ್ಬಿಸಿದಳು.

ಅಕ್ಟೋಬರ್ 12, ಬೆಳಿಗ್ಗೆ 9.40

ಗೇಟಿನಲ್ಲಿ ಯಾರೂ ತಡೆಯಲಿಲ್ಲ. ಸೆಕ್ಯೂರಿಟಿ ಮುನಿಶಾಮಯ್ಯ ದಿನದ ಹಾಗೇ ನಕ್ಕ. ಅದಕ್ಕೇ ಇನ್ನೂ ಹೆದರಿಕೆ.

ಕ್ಯಾಂಟೀನ್ ಪಕ್ಕ ಹೊಸ ಕಂಪ್ಯೂಟರ್ ಇಟ್ಟಿದ್ದಾರೆ. ಯಾರೂ ಇಲ್ಲದಾಗ ಹೊಡೆದು ನೋಡಿದೆ. ಸ್ಟೋರ್ಸ್ ಅಸಿಸ್ಟೆಂಟ್, ಫಸ್ಟ್ ಶಿಫ್ಟ್. ನನ್ನ ಫೋಟೋ ಬಂತು, ಹಲ್ಲು ಕಿರಿದುಕೊಂಡು. ಹೆಸರಿನ ಜಾಗ ಖಾಲಿ. ಅವತ್ತು ನಾನು ಖಾಲಿ ಬಿಟ್ಟಾಗ ಸೇವ್ ಆಗಿರಲಿಲ್ಲವಲ್ಲ... ಶುಕೂರ್‌ಗೆ ಆಗುತ್ತದೇನೋ.

ಶುಕೂರ್ ಎದುರಿಗೆ ಬಂದ. ಸಿದ್ದರಾಮು ಅವ್ರೇ ಅನ್ನಲಿಲ್ಲ. ನೆಲ ನೋಡಿಕೊಂಡು, “ಹತ್ತ್ ಗಂಟೆಗೆ ಸ್ಟೋರ್ಸ್‌ಗೆ ಫೋನ್ ಮಾಡ್ತೀನಿ, ಎಚ್.ಆರ್.ಗೆ ಬನ್ನಿ” ಅಂದ. “ಅಮ್ಮ ಊಟ ಮಾಡಿದ್ರಾ ನಿನ್ನೆ?” ಅಂತಲೂ ಕೇಳಿದ. ಒಳ್ಳೆಯವನು. ಒಳ್ಳೆಯವನಾಗಿ ಏನು ಮಾಡುತ್ತಾನೆ?

ತಪ್ಪೊಪ್ಪಿಗೆ ಬರೆದುಕೊಂಡು ಹೋಗೋಣ ಅಂತ ಕೂತೆ. ನಾಲ್ಕು ಸಾಲು ಬರೆದೆ. ಕೆಳಗೆ ಸಹಿ ಹಾಕಿ ನೋಡಿದರೆ — ಸಿದ್ದರಾಮು. ಹರಿದು ಇನ್ನೊಂದು ಬರೆದೆ. ಮತ್ತೆ ಸಿದ್ದರಾಮು. ಕೈಗೆ ಬೇರೆ ಹೆಸರೇ ಬರುವುದಿಲ್ಲ.

ಸ್ಟೋರ್ಸಿನ ಎಕ್ಸ್‌ಟೆನ್ಷನ್ ಫೋನ್ ಹೊಡೆದುಕೊಳ್ಳುತ್ತಿದೆ. ಇನ್ನೂ ಹತ್ತಾಗಿಲ್ಲ. ಎತ್ತಿದ ತಕ್ಷಣ ಯಾರು ಮಾತಾಡೋದು ಅಂತ ಕೇಳುತ್ತಾರೆ. ನಾನು...